ಬಿಟ್ಟುಕೊಟ್ಟ ಗೋಲು

ಗುರು ಅಂದ ಕೂಡಲೇ ಗಡ್ಡ, ಕಮಂಡಲ ಅಂದುಕೊಳ್ಳಬೇಡಿ. ಚೌರಪ್ಪ ಮೇಷ್ಟ್ರ ಕೊರಳಲ್ಲಿ ಇದ್ದದ್ದು ಒಂದು ಸೀಟಿ. ಕಾಲಲ್ಲಿ ಹೆಬ್ಬೆರಳು ಹೊರಗೆ ಇಣುಕುವ ಕ್ಯಾನ್ವಾಸ್ ಶೂ.

ಹೊಳೆದಂಡೆಯಲ್ಲಿ ಒಂದು ಬಯಲು, ಬಯಲಿನ ಎರಡು ತುದಿಗೆ ಎರಡೆರಡು ಬಿದಿರಿನ ಗಳ. ಅಷ್ಟೇ ಅವರ ಆಸ್ತಿ. ಸಂಜೆ ನಾಲ್ಕಾದರೆ ಊರಿನ ಮಕ್ಕಳೆಲ್ಲ ಅಲ್ಲಿಗೆ ಬಂದು ಫುಟ್‌ಬಾಲ್ ಕಲಿಯುತ್ತಿದ್ದರು. ಮೇಷ್ಟ್ರು ಯಾರಿಗೂ ಬರಬೇಡ ಅಂದವರಲ್ಲ. ಯಾರಿಗೂ ಶಹಬ್ಬಾಸ್ ಅಂದವರೂ ಅಲ್ಲ.

ಅಲ್ಲಿ ಕಲಿತವರಲ್ಲಿ ಒಬ್ಬ ಶಿವಮಲ್ಲು. ಈಗ ಅವನೇ ಪೇಟೆಯ ದೊಡ್ಡ ಶಾಲೆಯಲ್ಲಿ ಫುಟ್‌ಬಾಲ್ ಕೋಚು. ಒಳ್ಳೆಯ ಹುಡುಗ. ಒಳ್ಳೆಯವನು ಅನ್ನಿಸಿಕೊಳ್ಳುವ ಚಟ ಮಾತ್ರ ಸ್ವಲ್ಪ ಜಾಸ್ತಿ.

ಒಂದು ಸೋಮವಾರ ಅವನು ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದ.

"ಗೆದ್ವಿ ಮೇಷ್ಟ್ರೇ. ಮುಂದಿನ ಸುತ್ತಿಗೆ ಹೋದ್ವಿ."

"ಎಷ್ಟು?"

"ಹದಿನಾಲ್ಕು ಒಂದು."

ಮೇಷ್ಟ್ರು ಡಬ್ಬಿ ಮುಟ್ಟಲಿಲ್ಲ.

"ಯಾರ ಮೇಲೆ?"

"ಕಾಡಂಚಲ್ಲಿ ಆಶ್ರಮ ಶಾಲೆ ಇದೆಯಲ್ಲ, ಅವರ ಮೇಲೆ."

ಆಶ್ರಮ ಶಾಲೆ ಅಂದರೆ ಕಾಡಿನ ಹಾಡಿಗಳಲ್ಲಿರುವ ಬುಡಕಟ್ಟಿನ ಮಕ್ಕಳಿಗೆ ಅಂತ ಸರ್ಕಾರ ನಡೆಸುವ ಶಾಲೆ. ಅಲ್ಲೇ ಪಾಠ, ಅಲ್ಲೇ ಊಟ, ಅಲ್ಲೇ ನಿದ್ದೆ. ಜಿಂಕೆ, ಪರ್ಣಕುಟಿ ಏನೂ ಇಲ್ಲ. ಹೆಸರಿಗೆ ಮಾತ್ರ ಆಶ್ರಮ.

"ಅವರ ಕಾಲಿಗೆ ಬೂಟಿತ್ತಾ?"

"ಇಲ್ಲ ಮೇಷ್ಟ್ರೇ, ಬರಿಗಾಲು. ಹನ್ನೊಂದು ಜನ ಹುಡುಗರೂ ಸಿಕ್ಕಿರಲಿಲ್ಲ ಪಾಪ. ಮೂರು ಹುಡುಗೀರನ್ನ ಸೇರಿಸ್ಕೊಂಡು ಬಂದಿದ್ರು. ಹನ್ನೆರಡು ವರ್ಷದೊಳಗಿನೋರ ಆಟ ಅಲ್ವಾ, ಅದಕ್ಕೆ ಅಡ್ಡಿ ಇಲ್ಲ."

"ಆ ಒಂದು ಗೋಲು ಯಾರು ಹೊಡೆದದ್ದು?"

ಶಿವಮಲ್ಲುವಿನ ಮುಖ ಅರಳಿತು. ಈ ಪ್ರಶ್ನೆಗೇ ಅವನು ಕಾಯುತ್ತಿದ್ದ.

"ಅದು ನಾನೇ ಬಿಟ್ಟುಕೊಡಿಸಿದ್ದು ಮೇಷ್ಟ್ರೇ. ಯಾರಿಗೂ ಗೊತ್ತಾಗದ ಹಾಗೆ ನಮ್ಮ ಹುಡುಗರಿಗೆ ಸನ್ನೆ ಮಾಡಿದೆ. ಡಿಫೆನ್ಸಿನೋರು ಪಕ್ಕಕ್ಕೆ ಸರಿದ್ರು. ಗೋಲು ಕಾಯೋ ನಮ್ಮ ಗೋಲಿ ಚಿರಂತ ಬೇಕಂತಲೇ ಆಚೆ ಕಡೆ ಬಿದ್ದ. ಒಂದು ಹುಡುಗಿ ಮೆಲ್ಲಗೆ ತಳ್ಳಿದಳು, ಚೆಂಡು ಒಳಗೆ ಹೋಯ್ತು. ಆ ಮಕ್ಕಳು ಕುಣಿದದ್ದು ನೀವು ನೋಡಬೇಕಿತ್ತು! ನೋಡ್ತಿದ್ದ ಜನ ಎಲ್ಲ ಎದ್ದು ಚಪ್ಪಾಳೆ ಹೊಡೆದ್ರು. ನಮ್ಮ ಹೆಡ್‌ಮಾಸ್ಟ್ರು ನನ್ನ ಬೆನ್ನು ತಟ್ಟಿದ್ರು."

"ಎಷ್ಟನೇ ಗೋಲಾದ ಮೇಲೆ ಬಿಟ್ಟುಕೊಟ್ಟೆ?"

"ಹದಿನಾಲ್ಕನೇದು ಆದಮೇಲೆ."

"ಹದಿಮೂರಾದಾಗ ಯಾಕೆ ಕೊಡಲಿಲ್ಲ?"

ಶಿವಮಲ್ಲು ಕತ್ತು ಕೆರೆದುಕೊಂಡ.

"ಇನ್ನೊಂದು ಟೀಮಿಗೂ ನಮಗೂ ಪಾಯಿಂಟು ಸಮ ಇತ್ತು, ಮುಂದಿನ ಸುತ್ತಿಗೆ ಹೋಗೋಕೆ ಹದಿಮೂರು ಗೋಲಿನ ಅಂತರ ಬೇಕಿತ್ತು ಮೇಷ್ಟ್ರೇ."

"ಹದಿನಾಲ್ಕರಲ್ಲಿ ಒಂದು ಹೋದರೆ?"

"...ಹದಿಮೂರು."

"ಲೆಕ್ಕ ಚೆನ್ನಾಗಿ ಬರುತ್ತೆ ನಿನಗೆ."

"ಹಂಗಲ್ಲ ಮೇಷ್ಟ್ರೇ. ಅವರ ಗೋಲಿ ಹುಡುಗ ಕಂಬಕ್ಕೆ ಒರಗಿ ಅಳ್ತಾ ಕೂತುಬಿಟ್ಟ. ನನ್ನ ಕರುಳು ಚುರುಕ್ ಅಂತು."

"ಎಷ್ಟನೇ ಗೋಲಿಗೆ ಚುರುಕ್ ಅಂತು?"

ಶಿವಮಲ್ಲು ಸುಳ್ಳು ಹೇಳಬಹುದಿತ್ತು. ಅವತ್ತು ಹೇಳಲಿಲ್ಲ.

"ಆರನೇದಕ್ಕೆ."

"ಆಮೇಲೆ ಎಂಟು ಹೊಡೆಸಿದೆ."

ಶಿವಮಲ್ಲು ಡಬ್ಬಿಯನ್ನು ಪಕ್ಕಕ್ಕೆ ಸರಿಸಿದ.

"ಆ ಮಗೂ ಹೆಸರೇನು?"

"ಯಾವ ಮಗು?"

"ನೀನು ಗೋಲು ದಾನ ಮಾಡಿದೆಯಲ್ಲ, ಆ ಮಗು."

"ಗೊತ್ತಿಲ್ಲ ಮೇಷ್ಟ್ರೇ."

"ತಿಳ್ಕೊಂಡು ಬಾ. ಆಮೇಲೆ ತಿನ್ನೋಣ ನಿನ್ನ ಮೈಸೂರು ಪಾಕು."

ಮಾರನೇ ದಿನ ಶಿವಮಲ್ಲು ಬೈಕು ಹತ್ತಿ ಕಾಡಂಚಿಗೆ ಹೋದ. ಹೋಗುವಾಗ ಅವನಿಗೆ ಸ್ವಲ್ಪ ಕೋಪವೇ ಇತ್ತು. ಒಳ್ಳೆಯದು ಮಾಡಿದರೂ ಬೈಯುವ ಮುದುಕ ಅಂತ ದಾರಿಯುದ್ದಕ್ಕೂ ಗೊಣಗಿದ.

ಶಾಲೆಯ ಗೋಡೆ ಕಂಡ ಕೂಡಲೇ ಗೊಣಗಾಟ ನಿಂತಿತು.

ಗೋಡೆಯ ಮೇಲೆ ಇದ್ದಲಲ್ಲಿ ಅವತ್ತಿನ ಸ್ಕೋರು ಬರೆದಿದ್ದರು. ಹದಿನಾಲ್ಕು ಅನ್ನುವುದನ್ನು ಮೂಲೆಯಲ್ಲಿ ಇರುವೆಯಷ್ಟು ಸಣ್ಣಗೆ. ಪಕ್ಕದಲ್ಲಿ ಒಂದು. ಆ ಒಂದು ಬಾಗಿಲಿನಷ್ಟು ಎತ್ತರ ಇತ್ತು.

ವಾರ್ಡನ್ ಪುಟ್ಟತಾಯಮ್ಮ ಹೊರಗೆ ಬಂದರು.

"ಗೋಲು ಹೊಡೆದೋಳಾ? ಬೊಮ್ಮಿ ಸಾರ್. ಜಡೆಮಾದನ ಮಗಳು. ಅಗೋ ಅಲ್ಲಿ."

ಅಂಗಳದ ಆಚೆ ಒಬ್ಬಳೇ ಹುಡುಗಿ, ಎರಡು ಕಲ್ಲಿನ ನಡುವೆ ಚೆಂಡು ತಳ್ಳುತ್ತಿದ್ದಳು. ತಳ್ಳುವುದು, ಓಡಿಹೋಗಿ ತರುವುದು, ಮತ್ತೆ ತಳ್ಳುವುದು. ಶಿವಮಲ್ಲುವನ್ನು ಕಂಡು ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಚೆಂಡನ್ನು ಅಲ್ಲೇ ಬಿಟ್ಟು ಓಡಿಬಂದಳು.

"ನೀವು ಆ ಪೇಟೆ ಶಾಲೆ ಸಾರಲ್ವಾ! ನಿಮ್ಮ ಮೇಲೆ ಗೋಲು ಹೊಡೆದೋಳು ನಾನೇ!"

"ಗೊತ್ತಮ್ಮಾ. ಅದಕ್ಕೇ ಬಂದೆ."

"ಹೆಂಗೆ ಹೊಡೆದೆ ಅಂತ ಹೇಳ್ಲಾ? ಯಾರಿಗೂ ಹೇಳಬಾರದು. ನಿಮ್ಮ ಗೋಲಿಗಂತೂ ಹೇಳ್ಲೇಬಾರದು."

"ಹೇಳಲ್ಲ."

"ಕಣ್ಣು ಸಾರ್! ಬಲಗಡೆ ನೋಡಿದೆ. ಅವನು ಬಲಗಡೆಗೆ ಅಂತ ಅಂದ್ಕೊಂಡು ಬಿದ್ದ. ನಾನು ಎಡಗಡೆಗೆ ಮೆಲ್ಲಗೆ ತಳ್ಳಿದೆ. ಪೆದ್ದ!"

ಅವಳು ಬಾಯಿ ಮುಚ್ಚಿಕೊಂಡು ನಕ್ಕಳು. ಶಿವಮಲ್ಲುವಿಗೆ ನಗಲು ಆಗಲಿಲ್ಲ.

ಅವನಿಗೆ ಒಂದು ನೆನಪಾಯಿತು. ಮೊದಲರ್ಧದಲ್ಲಿ ಇದೇ ಹುಡುಗಿ ದೂರದಿಂದ ಒಂದು ಚೆಂಡು ಒದ್ದಿದ್ದಳು. ಬರಿಗಾಲಲ್ಲಿ. ಅದು ಬಂದ ರಭಸಕ್ಕೆ ಚಿರಂತ ಕದಲಲೇ ಇಲ್ಲ. ಚೆಂಡು ಕಂಬಕ್ಕೆ ಬಡಿದು ಕಂಬವೇ ಅಲ್ಲಾಡಿಹೋಗಿತ್ತು.

"ಮೊದಲು ಜೋರಾಗಿ ಒಂದು ಹೊಡೆದೆಯಲ್ಲ, ಅದು ಚೆನ್ನಾಗಿತ್ತು" ಅಂದ.

"ಅದಾ? ಅದು ಒಳಗೇ ಹೋಗ್ಲಿಲ್ಲವಲ್ಲ ಸಾರ್. ಮೆಲ್ಲಗೆ ತಳ್ಳಿದ್ದು ಹೋಯ್ತು. ಅದಕ್ಕೇ ಜೋರಾಗಿ ಹೊಡೆಯೋದು ಬಿಟ್ಟುಬಿಟ್ಟೆ. ದಿನಾ ನೂರು ಸಲ ಈ ಕಣ್ಣಿನ ಉಪಾಯಾನೇ ಅಭ್ಯಾಸ ಮಾಡ್ತೀನಿ."

ಅವಳು ಮಾಡಿ ತೋರಿಸಿದಳು. ಬಲಕ್ಕೆ ನೋಡಿದಳು, ಎಡಕ್ಕೆ ತಳ್ಳಿದಳು. ಚೆಂಡು ತೆವಳಿಕೊಂಡು ಹೋಗಿ ಎರಡು ಕಲ್ಲಿನ ನಡುವೆ ನಿಂತಿತು. ಮೂರು ವರ್ಷದ ಕೂಸೂ ಅದನ್ನು ಹಿಡಿಯಬಹುದಿತ್ತು.

ಹೊರಡುವಾಗ ಪುಟ್ಟತಾಯಮ್ಮ ಹೇಳಿದರು. "ಮುಂದಿನ ಭಾನುವಾರ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಇದೆಯಲ್ಲ ಸಾರ್, ಇವಳ ಹೆಸರು ಕೊಟ್ಟಿದ್ದೀನಿ. ಆಯ್ಕೆ ಆದರೆ ಓದು, ಊಟ, ಬೂಟು ಎಲ್ಲ ಅವರದೇ. ಈ ಹುಡುಗಿ ಮೂರು ಸಲ ಇಲ್ಲಿಂದ ಹಾಡಿಗೆ ಓಡಿಹೋಗಿದ್ದಳು. ನಾನೇ ಹೋಗಿ ಎಳ್ಕೊಂಡು ಬಂದಿದ್ದೆ. ಗೋಲು ಹೊಡೆದ ದಿನ ಅವಳೇ ಬಂದು, ಇನ್ಮೇಲೆ ಓಡಿಹೋಗಲ್ಲ ಅಂದಳು. ನಿಮ್ಮ ಶಾಲೆಯೋರ ಜೊತೆ ಆಡೋಕೆ ಸಿಕ್ಕಿದ್ದು ನಮ್ಮ ಪುಣ್ಯ ಸಾರ್."

ಬೈಕಿಗೆ ಮೂರು ಸಲ ಕಿಕ್ ಹೊಡೆದ ಮೇಲೆ ಶಿವಮಲ್ಲುವಿಗೆ ಕೀಲಿ ಹಾಕಿಲ್ಲ ಅಂತ ಗೊತ್ತಾಯಿತು.

ಹೊಳೆದಂಡೆಗೆ ಬಂದಾಗ ಬಯಲಲ್ಲಿ ಆಟ ನಡೆಯುತ್ತಿತ್ತು. ಒಂದು ಕಡೆ ಹೈಸ್ಕೂಲಿನ ಐದು ಜನ ದಾಂಡಿಗರು. ಇನ್ನೊಂದು ಕಡೆ ಹನ್ನೆರಡು ಜನ ಚಿಳ್ಳೆಪಿಳ್ಳೆಗಳು. ದಾಂಡಿಗರು ಬೆವರು ಸುರಿಸಿಕೊಂಡು ಏದುಸಿರು ಬಿಡುತ್ತಿದ್ದರು.

"ಬೊಮ್ಮಿ ಅಂತ ಹೆಸರು ಮೇಷ್ಟ್ರೇ" ಅಂದ ಶಿವಮಲ್ಲು. ಕಂಡದ್ದನ್ನೆಲ್ಲ ಹೇಳಿದ. ಕಣ್ಣಿನ ಉಪಾಯ ಹೇಳಿದ, ಗೋಡೆ ಹೇಳಿದ, ಭಾನುವಾರದ ಆಯ್ಕೆ ಹೇಳಿದ.

ಮೇಷ್ಟ್ರು ಆಟದ ಮೇಲಿನ ಕಣ್ಣು ತೆಗೆಯಲಿಲ್ಲ.

"ಈ ದೊಡ್ಡೋರು ಯಾಕೆ ಇಷ್ಟು ಒದ್ದಾಡ್ತಿದ್ದಾರೆ?" ಕೇಳಿದ ಶಿವಮಲ್ಲು.

"ಎಡಗಾಲಲ್ಲೇ ಒದೀಬೇಕು ಅಂತ ಹೇಳಿದ್ದೀನಿ."

"ಚಿಕ್ಕೋರಿಗೆ ಅದು ಗೊತ್ತಾ?"

"ಅವರ ಮುಂದೇನೇ ಹೇಳಿದ್ದು. ಬಲ ಇರೋರನ್ನ ಎಲ್ಲರ ಮುಂದೆ ಕಟ್ಟಿಹಾಕಬೇಕು ಕಣೋ. ಕಟ್ಟಿಹಾಕಿದ ಮೇಲೆ ಜೀವ ಬಿಟ್ಟು ಆಡಬೇಕು."

"ಯಾರು ಮುಂದೆ?"

"ದೊಡ್ಡೋರು. ಮೂರು ಎರಡು."

"ಹಂಗಾದ್ರೆ ಚಿಕ್ಕೋರು ಸೋಲ್ತಾರೆ."

"ಸೋಲ್ಲಿ. ಆ ಎರಡು ಅವರದು."

ಶಿವಮಲ್ಲು ತನಗೆ ತಾನೇ ಹೇಳಿಕೊಂಡ. "ನಾನೂ ನಾಲ್ಕು ಜನಾನ ಹೊರಗೆ ಕೂರಿಸಬೋದಿತ್ತು."

"ಆರನೇ ಗೋಲಿಗೇ ಕೂರಿಸಬೋದಿತ್ತು."

"ಹದಿಮೂರರ ಅಂತರ ಆಗ್ತಿರಲಿಲ್ಲ."

"ಆಗ್ತಿರಲಿಲ್ಲ."

ಹೊಳೆಯ ಕಡೆಯಿಂದ ಗಾಳಿ ಬೀಸಿತು. ಚಿಳ್ಳೆಗಳಲ್ಲಿ ಒಬ್ಬ ಬಿದ್ದು ಮೊಣಕಾಲು ತರಚಿಕೊಂಡು, ಅಳದೆ ಎದ್ದು ಓಡಿದ.

"ಈಗ ಏನು ಮಾಡ್ಲಿ ಮೇಷ್ಟ್ರೇ?"

"ಹೋಗಿ ಹೇಳು."

"ಏನಂತ?"

"ಬಿಟ್ಟುಕೊಟ್ಟೆ ಅಂತ. ಜೋರಾಗಿ ಹೊಡಿ, ಅದು ನಿನ್ನ ಹೊಡೆತ ಅಂತ. ಭಾನುವಾರಕ್ಕೆ ಇನ್ನೂ ಟೈಮಿದೆ."

"ಅವಳ ಮನಸ್ಸು ಒಡೆದುಹೋಗುತ್ತೆ."

"ನೀನು ಹೇಳಿದ್ರೆ ಅಳ್ತಾಳೆ, ಬೈತಾಳೆ. ಬೇರೆಯೋರ ಬಾಯಿಂದ ಕೇಳಿದ್ರೆ ಅಳೋದಿಲ್ಲ. ಅದು ಇನ್ನೂ ಕೆಟ್ಟದ್ದು."

ಶಿವಮಲ್ಲು ಹೋದ. ಹೋಗಲಿಲ್ಲ ಅಂತ ಯಾರೂ ಅನ್ನುವ ಹಾಗಿಲ್ಲ. ಶುಕ್ರವಾರ ಬೆಳಿಗ್ಗೆಯೇ ಹೋದ.

ಅವತ್ತು ಬೊಮ್ಮಿಯ ಅಪ್ಪ ಜಡೆಮಾದ ಅಲ್ಲಿಗೆ ಬಂದಿದ್ದ. ಎಲುಬು ಕಾಣುವ ಮೈ, ಹೆಗಲ ಮೇಲೆ ಹೊಸ ಟವೆಲು. ಭಾನುವಾರ ಮಗಳನ್ನು ಕರೆದುಕೊಂಡು ಹೋಗಲು ಆ ಟವೆಲು ತೆಗೆದುಕೊಂಡಿದ್ದನಂತೆ. ಇವತ್ತೇ ಹೊದ್ದುಕೊಂಡು ಬಂದುಬಿಟ್ಟಿದ್ದ.

"ನೀವೇನಾ ಸಾರ್ ಆ ಕೋಚು?"

"ಹೌದಪ್ಪಾ."

"ನೀವು ಎದುರು ಟೀಮಿನೋರು. ಆದ್ರೂ ಇವಳು ಹೊಡೆದಾಗ ನೀವೂ ಚಪ್ಪಾಳೆ ತಟ್ಟಿದ್ರಂತೆ. ಬೊಮ್ಮಿ ಹೇಳಿದಳು. ಅಂಥ ಮನಸ್ಸು ಯಾರಿಗಿರುತ್ತೆ ಸಾರ್?"

ಶಿವಮಲ್ಲು ಬಾಯಿ ತೆರೆದ. ನೀರು ಕೇಳಿದ.

ಬೊಮ್ಮಿ ಚೊಂಬಲ್ಲಿ ನೀರು ತಂದುಕೊಟ್ಟಳು. ಅವನು ಕುಡಿದ.

"ಬೊಮ್ಮಿ, ಒಂದು ಮಾತು."

"ಹೇಳಿ ಸಾರ್."

ಅವಳ ಮುಖ ನೋಡಿದ. ಜಡೆಮಾದನ ಮುಖ ನೋಡಿದ. ಗೋಡೆ ಮೇಲಿನ ಆ ಉದ್ದದ ಒಂದನ್ನು ನೋಡಿದ.

"ಭಾನುವಾರ ಚೆನ್ನಾಗಿ ಆಡಮ್ಮಾ" ಅಂದ.

"ಆಯ್ತು ಸಾರ್!"

ಇಷ್ಟೇ. ಇಷ್ಟಕ್ಕೆ ಅವನು ಅಷ್ಟು ದೂರ ಹೋಗಿ ಬಂದ. ಅವನ ಜಾಗದಲ್ಲಿ ನಾನಿದ್ದಿದ್ದರೆ ಹೇಳುತ್ತಿದ್ದೆ ಅಂತ ನಿಮಗೆ ಅನ್ನಿಸಬಹುದು. ನನಗೂ ಹಾಗೇ ಅನ್ನಿಸುತ್ತೆ, ಮನೆಯಲ್ಲಿ ಕೂತಿರುವಾಗ.

ಸಂಜೆ ಮೇಷ್ಟ್ರು ಕೇಳಿದರು.

"ಹೇಳಿದೆಯಾ?"

"ಹೇಳಿದೆ ಮೇಷ್ಟ್ರೇ."

"ಏನಂದಳು?"

"ಮೊದಲು ಅತ್ತಳು. ಆಮೇಲೆ ಪರವಾಗಿಲ್ಲ ಸಾರ್, ಜೋರಾಗೇ ಹೊಡೀತೀನಿ ಅಂದಳು."

ಗುರುವಿನ ಮುಂದೆ ಯಾವುದೂ ಮುಚ್ಚಿಡಲು ಆಗುವುದಿಲ್ಲ ಅಂತಾರೆ. ಬೊಗಳೆ. ಚೌರಪ್ಪ ಮೇಷ್ಟ್ರು ನಂಬಿದರು. ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಶಹಬ್ಬಾಸ್ ಮಲ್ಲು."

ಇಪ್ಪತ್ತು ವರ್ಷದಲ್ಲಿ ಅದೇ ಮೊದಲು. ಆ ಮಾತಿಗಾಗಿ ಅವನು ಹುಡುಗನಾಗಿದ್ದಾಗ ಎಷ್ಟು ಸಂಜೆ ಕಾಲು ಉಳುಕಿಸಿಕೊಂಡು ಓಡಿದ್ದನೋ! ಈಗ ಸಿಕ್ಕಿತು. ಮನೆಗೆ ಹೋದವನು ಊಟ ಬೇಡ ಅಂದು ಮಲಗಿದ.

ಭಾನುವಾರ ಬಂತು.

ದೊಡ್ಡ ಮೈದಾನ. ನೂರಕ್ಕೂ ಹೆಚ್ಚು ಮಕ್ಕಳು, ಅದರಲ್ಲಿ ಎಂಟು ಜನರನ್ನು ಆರಿಸುವುದು. ಬೇರೆ ಬೇರೆ ಪರೀಕ್ಷೆ ಇತ್ತು: ಓಟ, ಪಾಸು, ಕೊನೆಗೆ ಗೋಲಿಗೆ ಐದು ಹೊಡೆತ. ಗೋಲಿಗೆ ನಿಲ್ಲಲು ಒಳ್ಳೆಯ ಹುಡುಗ ಬೇಕು ಅಂತ ಆಯ್ಕೆಯವರು ಶಿವಮಲ್ಲುವನ್ನು ಕೇಳಿದ್ದರು. ಅವನು ಚಿರಂತನನ್ನು ಕರೆತಂದಿದ್ದ. ಬೇರೆ ಯಾರನ್ನಾದರೂ ಕರೆತರಬಹುದಿತ್ತು. ಅದೂ ಅವನಿಗೆ ಹೊಳೆಯಲಿಲ್ಲ.

ಬೊಮ್ಮಿ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಆಯ್ಕೆಯವರಲ್ಲಿ ಒಬ್ಬರು ಅವಳ ಹೆಸರಿನ ಕೆಳಗೆ ಗೆರೆ ಎಳೆದುಕೊಂಡರು.

ಅವಳ ಸರದಿ ಬಂದಾಗ ಗೋಲಿನಲ್ಲಿ ಚಿರಂತ ನಿಂತಿರುವುದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ತಿರುಗಿ ಅಪ್ಪನಿಗೆ ಕೈ ಬೀಸಿದಳು.

ಬಲಕ್ಕೆ ನೋಡಿದಳು. ಎಡಕ್ಕೆ ತಳ್ಳಿದಳು. ಚಿರಂತ ಎರಡು ಹೆಜ್ಜೆ ನಡೆದು, ಬಗ್ಗಿ, ಚೆಂಡು ಎತ್ತಿಕೊಂಡ.

ಎರಡನೇದು. ಎತ್ತಿಕೊಂಡ.

ಮೂರನೇದಕ್ಕೆ ಕಣ್ಣನ್ನು ಇನ್ನಷ್ಟು ಅಗಲ ಮಾಡಿ ಬಲಕ್ಕೆ ನೋಡಿದಳು. ಅವನು ಕಾಲಲ್ಲೇ ತಡೆದ.

"ಜೋರಾಗಿ ಹೊಡಿಯಮ್ಮಾ!" ಶಿವಮಲ್ಲು ಗೆರೆಯ ಆಚೆಯಿಂದ ಕೂಗಿದ. ಅವನ ದನಿ ಒಡೆದಿತ್ತು.

ಅವಳಿಗೆ ಕೇಳಿಸಿತು. ಇಲ್ಲ ಅನ್ನುವ ಹಾಗೆ ತಲೆ ಆಡಿಸಿದಳು. ತನ್ನ ಗುಟ್ಟು ಸಾರಿಗೆ ಗೊತ್ತಲ್ಲ, ಸುಮ್ಮನೆ ಚಿರಂತನ ದಾರಿ ತಪ್ಪಿಸಲು ಕೂಗುತ್ತಿದ್ದಾರೆ ಅಂದುಕೊಂಡಳೋ ಏನೋ.

ನಾಲ್ಕನೇದನ್ನೂ ಹಿಡಿದ. ಐದನೇದನ್ನೂ.

ಬೊಮ್ಮಿ ಹೋಗಿ ಚಿರಂತನ ಎದುರು ನಿಂತಳು.

"ಅವತ್ತು ಬಿದ್ದೆಯಲ್ಲ, ಇವತ್ತು ಯಾಕೆ ಬೀಳ್ತಿಲ್ಲ?"

ಚಿರಂತ ಕೆಟ್ಟವನಲ್ಲ. ಹನ್ನೊಂದು ವರ್ಷದ ಹುಡುಗ. ಕೇಳಿದ್ದಕ್ಕೆ ಉತ್ತರ ಕೊಟ್ಟ.

"ಅವತ್ತು ನಮ್ಮ ಸರ್ ಬೀಳು ಅಂತ ಸನ್ನೆ ಮಾಡಿದ್ರು. ಇವತ್ತು ಮಾಡಿಲ್ಲವಲ್ಲ."

ಸಾಲಲ್ಲಿ ನಿಂತ ಮಕ್ಕಳು ಹೋ ಅಂತ ನಕ್ಕರು.

ಬೊಮ್ಮಿ ಅಳಲಿಲ್ಲ. ನೇರವಾಗಿ ಶಿವಮಲ್ಲುವಿನ ಹತ್ತಿರ ಬಂದಳು.

"ಹೌದಾ ಸಾರ್?"

"...ಹೌದಮ್ಮಾ."

"ಹದಿನಾಲ್ಕು?"

"ಏನು?"

"ನೀವು ಹೊಡೆದ ಹದಿನಾಲ್ಕು. ಅದು ನಿಜಾನಾ, ಅದೂ ನಾವೇ ಬಿಟ್ಟಿದ್ದಾ?"

"ಅದು ನಿಜ."

"ಹಂಗಾದ್ರೆ ಹದಿನಾಲ್ಕು ಸೊನ್ನೆ" ಅಂದಳು. "ನೀವೂ ಹಂಗೇ ಬರ್ಕೊಳಿ."

ಜಡೆಮಾದ ಹೆಗಲ ಮೇಲಿನ ಟವೆಲು ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡ. ಶಿವಮಲ್ಲು ಕೈಮುಗಿದು ಅವನ ಮುಂದೆ ನಿಂತ.

"ತಪ್ಪಾಯ್ತಪ್ಪಾ."

"ಇರಲಿ ಬಿಡಿ ಸಾರ್. ನಮಗೆ ಎಲ್ಲರೂ ಕೊಡೋದು ಹಿಂಗೇ."

ಅಪ್ಪ ಮಗಳು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ಆಯ್ಕೆಯಾದವರ ಪಟ್ಟಿ ಓದುವವರೆಗೂ ಕಾಯಲಿಲ್ಲ.

ಶಿವಮಲ್ಲು ಹೊಳೆದಂಡೆಗೆ ಬಂದಾಗ ಮೇಷ್ಟ್ರು ಒಬ್ಬರೇ ಕೂತು ಚೆಂಡಿಗೆ ಹೊಲಿಗೆ ಹಾಕುತ್ತಿದ್ದರು.

"ಆಯ್ಕೆ ಆದಳಾ?"

"ನಾನು ಅವಳಿಗೆ ಹೇಳಿರಲಿಲ್ಲ ಮೇಷ್ಟ್ರೇ."

ಮೇಷ್ಟ್ರ ಕೈ ನಿಂತಿತು.

"ಹೇಳಿದೆ ಅಂದೆಯಲ್ಲ."

"ಸುಳ್ಳು ಹೇಳಿದೆ."

"ಅತ್ತಳು ಅಂದೆ. ಪರವಾಗಿಲ್ಲ ಅಂದಳು ಅಂದೆ."

"ಎಲ್ಲಾ ಸುಳ್ಳು."

ನಡೆದದ್ದನ್ನು ಹೇಳಿ ಅವನು ಮಗುವಿನ ಹಾಗೆ ಅತ್ತ. ಮೇಷ್ಟ್ರು ಸಮಾಧಾನ ಮಾಡಲಿಲ್ಲ. ಸೂಜಿಯನ್ನು ಚೆಂಡಿಗೆ ಚುಚ್ಚಿ ಪಕ್ಕಕ್ಕಿಟ್ಟರು. ಅವರ ಮುಖ ಒಮ್ಮೆಗೇ ಹತ್ತು ವರ್ಷ ಮುಪ್ಪಾದಂತೆ ಕಂಡಿತು.

"ನಾನೇ ಹೋಗಬೇಕಿತ್ತು" ಅಂದರು. "ನಿನ್ನ ನಂಬಿದೆ."

"ಬೈಯಿರಿ ಮೇಷ್ಟ್ರೇ. ಹೊಡೀರಿ ಬೇಕಾದ್ರೆ."

"ಬೈದು ಏನಾಗಬೇಕು? ಹೋಗು. ಅವಳ ಮುಂದೆ ಗೋಲಿಗೆ ನಿಂತ್ಕೋ. ಜೋರಾಗಿ ಹೊಡೆಯೋಕೆ ಹೇಳು. ಮೈಯಲ್ಲಿ ಇರೋ ಶಕ್ತಿಯೆಲ್ಲ ಹಾಕಿ ತಡಿ. ಸಾವಿರ ತಡೆದರೂ ಪರವಾಗಿಲ್ಲ. ಒಂದನ್ನೂ ಬಿಡಬೇಡ."

ಶಿವಮಲ್ಲು ಆಶ್ರಮ ಶಾಲೆಗೆ ಹೋದಾಗ ಗೋಡೆಯ ಮೇಲೆ ಆ ಉದ್ದದ ಒಂದು ಇರಲಿಲ್ಲ. ಒದ್ದೆ ಬಟ್ಟೆಯಲ್ಲಿ ಉಜ್ಜಿ ಅಳಿಸಿದ ಕಲೆ ಇತ್ತು. ಕಲೆಯ ಮೇಲೆ ಒಂದು ಸೊನ್ನೆ.

ಪುಟ್ಟತಾಯಮ್ಮ ಅವನಿಗೆ ಕೂತ್ಕೊಳ್ಳಿ ಅಂತಲೂ ಅನ್ನಲಿಲ್ಲ.

"ಹಾಡಿಗೆ ಹೋದಳು. ಈ ಸಲ ಓಡಿಹೋಗಲಿಲ್ಲ. ಹೋಗ್ತೀನಿ ಅಂತ ಹೇಳಿಯೇ ಹೋದಳು. ನನಗೂ ಎಳ್ಕೊಂಡು ಬರೋ ಮುಖ ಇಲ್ಲ."

ಅವನು ಚೆಂಡು ಕಂಕುಳಲ್ಲಿಟ್ಟುಕೊಂಡು ಹಾಡಿಯ ದಾರಿ ಹಿಡಿದ. ಬೈಕು ಹೋಗುವ ದಾರಿಯಲ್ಲ. ಒಂದೂವರೆ ಗಂಟೆ ನಡೆದ.

ಜಡೆಮಾದ ಗುಡಿಸಲ ಮುಂದೆ ಬಿದಿರು ಸೀಳುತ್ತಾ ಕೂತಿದ್ದ. ಇವನನ್ನು ಕಂಡು ಇನ್ನೊಂದು ಬಿದಿರು ಎಳೆದುಕೊಂಡ. ಬೊಮ್ಮಿ ತಲೆಯ ಮೇಲೆ ಸೌದೆಹೊರೆ ಹೊತ್ತುಕೊಂಡು ಬರುತ್ತಿದ್ದಳು.

"ಬೊಮ್ಮಿ, ಒಂದೇ ಒಂದು ಸಲ ಒದಿಯಮ್ಮಾ. ಜೋರಾಗಿ."

"ಆಡೋದು ಬಿಟ್ಟೆ ಸಾರ್."

"ಒಂದೇ ಸಲ. ಈ ಸಲ ನಾನು ಬಿಡಲ್ಲ. ನಿನ್ನಾಣೆ ಬಿಡಲ್ಲ."

ಅವನು ಎರಡು ಮರದ ನಡುವೆ ಹೋಗಿ ನಿಂತ. ಇಪ್ಪತ್ತು ಹೆಜ್ಜೆ ದೂರದಲ್ಲಿ ಚೆಂಡಿಟ್ಟಿದ್ದ.

ಅವಳು ಹೊರೆ ಇಳಿಸಿದಳು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಅವನನ್ನೇ ನೋಡಿದಳು. ಒಳಗೆ ಇದ್ದ ಸಿಟ್ಟನ್ನೆಲ್ಲ ಕಾಲಿಗೆ ತಂದುಕೊಂಡು ಒದ್ದಳು.

ಶಿವಮಲ್ಲು ಹಾರಿದ. ಆಟ ಆಡುವ ಕಾಲದಲ್ಲೂ ಅವನು ಹಾಗೆ ಹಾರಿದವನಲ್ಲ. ಮೈಯನ್ನೆಲ್ಲ ಚಾಚಿದ. ಚೆಂಡು ಅವನ ಬೆರಳ ತುದಿಯನ್ನು ಸವರಿಕೊಂಡು ಒಳಗೆ ಹೋಯಿತು. ಅವನು ಬೇರಿನ ಮೇಲೆ ಬಿದ್ದು ಮೊಣಕೈಯ ಚರ್ಮ ಸುಲಿದುಹೋಯಿತು.

ಅವನು ರಕ್ತ ಒರೆಸಿಕೊಳ್ಳದೆ ಎದ್ದು ಕುಣಿದ.

"ಗೋಲು! ಗೋಲು ಕಣಮ್ಮಾ! ನೋಡಿದೆಯಾ? ಇದು ನಿಂದು! ನನ್ನ ಕೈಲಿ ಹಿಡಿಯೋಕೆ ಆಗಲಿಲ್ಲ!"

ಬೊಮ್ಮಿ ಅವನ ಮೊಣಕೈಯನ್ನೊಮ್ಮೆ ನೋಡಿದಳು.

"ಬಿಟ್ರಿ ಸಾರ್."

"ಇಲ್ಲಮ್ಮಾ! ತಾಯಾಣೆ ಇಲ್ಲ!"

"ಚೆನ್ನಾಗಿ ಬಿದ್ರಿ" ಅಂದಳು. "ಅವತ್ತು ಆ ಹುಡುಗನೂ ಚೆನ್ನಾಗೇ ಬಿದ್ದಿದ್ದ."

ಹೊರೆ ಎತ್ತಿ ತಲೆಯ ಮೇಲಿಟ್ಟುಕೊಂಡು ಗುಡಿಸಲ ಹಿಂದಕ್ಕೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಅವನು ಹೊತ್ತು ಇಳಿಯುವವರೆಗೂ ಆ ಎರಡು ಮರದ ನಡುವೆ ನಿಂತಿದ್ದ.

ಮಾರನೇ ದಿನ ಹೊಳೆದಂಡೆಗೆ ಬಂದು ಮೇಷ್ಟ್ರ ಮುಂದೆ ಮೊಣಕೈ ಚಾಚಿದ.

"ನೋಡಿ ಮೇಷ್ಟ್ರೇ. ಬಿಟ್ಟಿದ್ರೆ ಹಿಂಗೆ ಆಗ್ತಿತ್ತಾ? ಅಂಥಾ ಹೊಡೆತ ನಾನು ಈ ವಯಸ್ಸಿನ ಮಕ್ಕಳಲ್ಲಿ ಕಂಡೇ ಇಲ್ಲ. ಬೆರಳಿಗೆ ತಾಗಿ ಹೋಯ್ತು. ನಿಜವಾದ ಗೋಲು. ಅವಳು ನಂಬ್ತಿಲ್ಲ. ನೀವು ಒಂದು ಸಲ ಬಂದು ಹೇಳಿ ಮೇಷ್ಟ್ರೇ. ನೀವು ಹೇಳಿದ್ರೆ ನಂಬ್ತಾಳೆ."

ಮೇಷ್ಟ್ರು ಆ ಗಾಯವನ್ನು ನೋಡಿದರು. ಆಮೇಲೆ ಅವನ ಮುಖವನ್ನು ನೋಡಿದರು. ತುಂಬ ಹೊತ್ತು ನೋಡಿದರು.

"ನಿಜವಾಗ್ಲೂ ಬಿಡಲಿಲ್ವಾ?"

"ನಿಮ್ಮಾಣೆ ಬಿಡಲಿಲ್ಲ ಮೇಷ್ಟ್ರೇ."

"ಇರಬೋದು ಮಲ್ಲು. ನನಗೇ ನಂಬಿಕೆ ಬರ್ತಿಲ್ಲವಲ್ಲೋ, ಆ ಮಗೂಗೆ ಹೋಗಿ ಏನಂತ ಹೇಳ್ಲಿ?"